ಸುಣ್ಣದ ನೆಲ, ಹುಳಿ ಮಣ್ಣು

ಹೊರಡುವಾಗ ಅಮ್ಮಿ ಬೇರೇನೂ ಕೇಳಲಿಲ್ಲ. ಒಂದು ಹಿಡಿ ಮಣ್ಣು ತನ್ನಿ ಎಂದರು. ಅಣ್ಣನ ಕಬರಿನದಾದರೂ ಆಗಲಿ, ಇಲ್ಲವೇ ಅವನು ಭಾನುವಾರ ಭಾನುವಾರ ಹೋಗುತ್ತಿದ್ದನಲ್ಲ, ಆ ಬಯಲಿನದಾದರೂ ಆಗಲಿ. ಮಣ್ಣು ತುಂಬಿಕೊಳ್ಳಲು ಒಂದು ಸಣ್ಣ ಡಬ್ಬಿಯನ್ನೂ ತೊಳೆದು ಒರೆಸಿ ಇಟ್ಟಿದ್ದರು. ಮೊದಲು ಅದು ಅವರ ಎಲೆಅಡಿಕೆಯ ಸುಣ್ಣದ ಡಬ್ಬಿಯಾಗಿತ್ತು.

ಅಣ್ಣ ಇಂಗ್ಲೆಂಡಿನ ದಕ್ಷಿಣ ಕಡಲ ದಂಡೆಯ ಒಂದು ಪಟ್ಟಣದಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್ ಆಗಿದ್ದ. ಹದಿನೆಂಟು ವರ್ಷ ಬೇರೆಯವರ ತಂದೆ ತಾಯಿಗಳನ್ನು ನೋಡಿಕೊಂಡ. 2021ರ ಜನವರಿಯಲ್ಲಿ ಕೋವಿಡ್ ಅವನನ್ನು ತೆಗೆದುಕೊಂಡು ಹೋಯಿತು. ನಾವು ಅವನ ಜನಾಜವನ್ನು ಮೊಬೈಲಿನಲ್ಲಿ ನೋಡಿದೆವು. ಮಳೆ ಹನಿಯುತ್ತಿತ್ತು. ಹತ್ತೆಂಟು ಜನ ದೂರ ದೂರ ನಿಂತಿದ್ದರು. ಸಫು ಕೂಡ ಸರಿಯಾಗಿ ಕೂಡಿರಲಿಲ್ಲ. ಇಮಾಮರು ಸಲಾಮು ಹೇಳುವಾಗ ಇಲ್ಲಿ ನಮ್ಮ ಮನೆಯಲ್ಲಿ ಕರೆಂಟು ಹೋಯಿತು.

ಆಗ ಅಣ್ಣನ ಬೆನ್ನಿಗೆ ಹುಟ್ಟಿದ ನಾವಿಬ್ಬರು ಭಾಭಿಯ ಜೊತೆ ಜಗಳ ಮಾಡಿದ್ದೆವು. ಮಯ್ಯತನ್ನು ಊರಿಗೆ ಕಳಿಸಬೇಕಿತ್ತು, ಅಪ್ಪನ ಪಕ್ಕದಲ್ಲಿ ಜಾಗವಿತ್ತು ಎಂದು. ಕಳಿಸುವುದು ಆ ದಿನಗಳಲ್ಲಿ ಎಷ್ಟು ಕಷ್ಟವಿತ್ತು ಎಂಬುದು ನಮಗೆ ತಿಳಿಯದ ವಿಷಯವಲ್ಲ. ಆದರೂ ಮಾತಾಡಿದೆವು. ದುಃಖಕ್ಕೆ ಯಾರ ಮೇಲಾದರೂ ಬೀಳಬೇಕು ಎನಿಸುತ್ತದೆ. ಆಮೇಲೆ ಮೂರು ವರ್ಷ ಈದಿನ ಮುಬಾರಕ್ ಬಿಟ್ಟರೆ ಬೇರೆ ಮಾತು ಇರಲಿಲ್ಲ. 2024ರ ಆಗಸ್ಟಿನಲ್ಲಿ ಅಮ್ಮಿಯ ಒತ್ತಾಯಕ್ಕೆ ಮಣಿದು ನಾವಿಬ್ಬರು ಹೊರಟೆವು. ಅಮ್ಮಿಗೆ ಎಂಬತ್ತರ ಹತ್ತಿರ. ಅವರ ಮೊಣಕಾಲು ವಿಮಾನದ ಮೆಟ್ಟಿಲು ಹತ್ತುವಂತಿರಲಿಲ್ಲ.

ವಿಮಾನ ಇಳಿದದ್ದು ಹೀತ್ರೂವಿನಲ್ಲಿ. ಆ ಹೆಸರಿನೊಳಗೇ ಒಂದು ಬಯಲು ಇದೆ ಎಂದು ಹೇಳಿದವಳು ಕರೆದೊಯ್ಯಲು ಬಂದಿದ್ದ ಅಣ್ಣನ ಮಗಳು. ಹೀತ್ ಎಂದರೆ ಮರವಿಲ್ಲದ, ಮೊಣಕಾಲೆತ್ತರದ ಕುರುಚಲು ಬೆಳೆಯುವ ಬಡ ನೆಲ. ಅಂಥ ಬಯಲಿನ ಅಂಚಿಗೆ ಸಾಲಾಗಿ ಇದ್ದ ಮನೆಗಳ ಹಳ್ಳಿಗೆ ಆ ಹೆಸರು ಬಂದಿತ್ತು. ಈಗ ಹಳ್ಳಿಯೂ ಇಲ್ಲ, ಬಯಲೂ ಇಲ್ಲ. ಡಾಂಬರಿನ ಮೇಲೆ ವಿಮಾನಗಳು ಓಡುತ್ತವೆ. ಕನ್ನಡದಲ್ಲಿ ಹೀತಿಗೆ ಸರಿಯಾದ ಶಬ್ದವಿದೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆವು. ಹುಲ್ಲುಗಾವಲು ಅಲ್ಲ, ಕಾಡೂ ಅಲ್ಲ. ಕಾವಲು ಎಂಬ ಶಬ್ದ ಸ್ವಲ್ಪ ಹತ್ತಿರ ಬಂತು. ಮೈಸೂರು ಅರಸರು ದನಗಳಿಗೆಂದು ಬಿಟ್ಟಿದ್ದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ರಾಸುಗಳು ಮೇಯುತ್ತಿದ್ದ ಆ ಬಯಲುಗಳನ್ನು ಹಾಗೆಯೇ ಕರೆಯುತ್ತಿದ್ದರು. ಮೇಯುವ ಬಾಯಿ ಇದ್ದಷ್ಟು ದಿನ ಮಾತ್ರ ಕಾವಲು ಕಾವಲಾಗಿರುತ್ತದೆ. ಈ ಮಾತಿನ ಅರ್ಥ ನಮಗೆ ಎರಡು ದಿನ ಬಿಟ್ಟು ಆಗುವುದಿತ್ತು.

ಮರುದಿನ ಕಬರಿಗೆ ಹೋದೆವು. ಪುರಸಭೆಯ ಸ್ಮಶಾನದ ಒಂದು ಮೂಲೆ ಮುಸ್ಲಿಮರದು. ಗುಡ್ಡದ ಇಳುಕಲಿನಲ್ಲಿ ಕತ್ತರಿಸಿದ ಹುಲ್ಲಿನ ನಡುವೆ ಕೆಲವೇ ಗೋರಿಗಳು, ಎಲ್ಲವೂ ಕಿಬ್ಲಾದ ಕಡೆಗೆ ಸ್ವಲ್ಪ ಓರೆಯಾಗಿ, ಉಳಿದ ಸಾಲುಗಳಿಗೆ ಹೊಂದದೆ. ಫಾತಿಹಾ ಓದಿದೆವು. ಡಬ್ಬಿ ಕಿಸೆಯಲ್ಲಿತ್ತು. ಭಾಭಿ ಪಕ್ಕದಲ್ಲೇ ನಿಂತಿದ್ದರಿಂದ ತೆಗೆಯಲು ಮನಸ್ಸಾಗಲಿಲ್ಲ. ಅವರ ಕಣ್ಣೆದುರು ಮಣ್ಣು ತೆಗೆದರೆ, ಮೂರು ವರ್ಷದ ಹಿಂದಿನ ಜಗಳವನ್ನು ಮತ್ತೆ ಅಗೆದಂತೆ ಆಗುತ್ತಿತ್ತು.

ಮೂರನೆಯ ದಿನ ಅಣ್ಣನ ಮಗಳು ನಮ್ಮನ್ನು ಅವನ ಬಯಲಿಗೆ ಕರೆದುಕೊಂಡು ಹೋದಳು. ಅದರ ಹೆಸರು ಲಲ್ಲಿಂಗ್ಟನ್ ಹೀತ್. ಈಸ್ಟ್ ಸಸೆಕ್ಸ್ ಸೀಮೆಯಲ್ಲಿ, ಈಸ್ಟ್‌ಬೋರ್ನ್ ಪಟ್ಟಣದ ಪಶ್ಚಿಮಕ್ಕೆ, ಸೌತ್ ಡೌನ್ಸ್ ಗುಡ್ಡಗಳ ಮೇಲಿದೆ. ಹೆಸರು ಡೌನ್ಸ್, ಆದರೆ ಹತ್ತುವುದು ಮೇಲಕ್ಕೆ. ಹಳೆಯ ಇಂಗ್ಲಿಷಿನಲ್ಲಿ ಡೂನ್ ಎಂದರೆ ಗುಡ್ಡವಂತೆ. ನಮ್ಮ ಉಸಿರು ಮೇಲೆ ಕೆಳಗೆ ಆಗುವಾಗ ಅವಳು ಇದನ್ನು ಹೇಳಿ ನಕ್ಕಳು. ಹದಿನೇಳರ ಹುಡುಗಿ. ಜೀವಶಾಸ್ತ್ರ ಓದುತ್ತಾಳೆ. ದಖನಿ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಕನ್ನಡ ಬರುವುದಿಲ್ಲ. ಉರ್ದು ಲಿಪಿ ಕುರ್‌ಆನಿನ ಅಕ್ಷರಗಳ ನೆರವಿನಿಂದ ತಡವರಿಸಿ ಓದುತ್ತಾಳೆ.

ಜೆವಿಂಗ್ಟನ್ ಎಂಬ ಸಣ್ಣ ಹಳ್ಳಿಯಲ್ಲಿ ಕಾರು ನಿಲ್ಲಿಸಿ ಪಶ್ಚಿಮಕ್ಕೆ ನಡೆದೆವು. ಹಳ್ಳಿಯ ಗೋಡೆಗಳನ್ನೆಲ್ಲ ಕರಿ ಬಿಳಿ ಗುಂಡುಕಲ್ಲಿನಲ್ಲಿ ಕಟ್ಟಿದ್ದಾರೆ. ಒಡೆದ ಮೈ ಗಾಜಿನಂತೆ ಹೊಳೆಯುತ್ತದೆ. ಫ್ಲಿಂಟ್ ಎಂದಳು. ನಮಗೆ ಒಮ್ಮೆಲೆ ಗುರುತು ಸಿಕ್ಕಿತು, ಚಕಮಕಿ ಕಲ್ಲು! ಉರ್ದುವಿನಲ್ಲಿಯೂ ಚಕ್ಮಕ್, ಕನ್ನಡದಲ್ಲಿಯೂ ಚಕಮಕಿ. ತುರ್ಕಿಯಿಂದ ಹೊರಟ ಶಬ್ದ ಎರಡೂ ಮನೆಗಳಲ್ಲಿ ಉಳಿದುಕೊಂಡಿದೆ. ಮನೆ ಕಟ್ಟುವಷ್ಟು ಚಕಮಕಿಯನ್ನು ನಾವು ನೋಡಿದ್ದು ಅಲ್ಲಿಯೇ ಮೊದಲು.

ಹಾದಿ ಏರುತ್ತಾ ಹೋದಂತೆ ಕಾಲಡಿಯ ನೆಲ ಬೆಳ್ಳಗಾಯಿತು. ಸುಣ್ಣ ಬಳಿದಂತೆ ಅಲ್ಲ, ಸುಣ್ಣವೇ. ಇಡೀ ಗುಡ್ಡ ಸೀಮೆಸುಣ್ಣದ್ದು. ಸುಮಾರು ಹತ್ತು ಕೋಟಿ ವರ್ಷದಿಂದ ಆರೂವರೆ ಕೋಟಿ ವರ್ಷದ ಹಿಂದಿನವರೆಗೆ ಇಲ್ಲಿ ಬೆಚ್ಚಗಿನ ಕಡಲಿತ್ತು. ಕಣ್ಣಿಗೆ ಕಾಣದ ಪಾಚಿ ಜೀವಿಗಳು ಸತ್ತು ಅವುಗಳ ಸುಣ್ಣದ ಚಿಪ್ಪುಗಳು ತಳದಲ್ಲಿ ಕೂತು ಕೂತು ಈ ಕಲ್ಲಾಯಿತು. ಅದೇ ಕಡಲಿನ ಸ್ಪಂಜುಗಳ ಮೈಯೊಳಗಿನ ಸಿಲಿಕಾ ಕರಗಿ, ಮತ್ತೆ ಗಟ್ಟಿಯಾಗಿ ಚಕಮಕಿಯ ಗಡ್ಡೆಗಳಾದವು.

ನಮ್ಮ ಶಾಲೆಯ ದಿನಗಳು ನೆನಪಾದವು. ಉರ್ದು ಶಾಲೆಯಲ್ಲಿ ನಾಲ್ಕನೆಯವರೆಗೆ ತಖ್ತಿಯ ಮೇಲೆ ಬರೆದು ಆಮೇಲೆ ನಾವು ಕನ್ನಡ ಶಾಲೆಗೆ ಹೋದೆವು. ಅಣ್ಣ ಉರ್ದುವಿನಲ್ಲೇ ಉಳಿದ. ನಮ್ಮ ಕಲಬುರಗಿ ಕಡೆ ಬೋರ್ಡಿನ ಮೇಲೆ ಬರೆಯುವುದಕ್ಕೆ ಖಡು ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಮಾತ್ರ ಸೀಮೆಸುಣ್ಣ ಎಂದಿತ್ತು. ಸೀಮೆ ಎಂದರೆ ಯಾವ ಸೀಮೆ ಸಾರ್ ಎಂದು ಕೇಳಿ ಮಾಸ್ತರರಿಂದ ಬೈಸಿಕೊಂಡಿದ್ದೆವು. ಸೀಮೆಎಣ್ಣೆ, ಸೀಮೆಹಸು ಎನ್ನುವ ಹಾಗೆ ಪರದೇಶದ್ದಕ್ಕೆಲ್ಲ ಸೀಮೆ ಎಂದು ಸೇರಿಸಿದರು ನಮ್ಮ ಹಿರಿಯರು. ಈಗ ಬೋರ್ಡಿಗೆ ಬರುವುದು ಹೆಚ್ಚಾಗಿ ಜಿಪ್ಸಮ್ಮು. ನಿಜವಾದ ಸೀಮೆಸುಣ್ಣದ ಸೀಮೆಯಲ್ಲಿ ನಾವು ನಿಂತಿದ್ದೆವು, ಕೇಳಿದ ಪ್ರಶ್ನೆಗೆ ಮೂವತ್ತೈದು ವರ್ಷ ತಡವಾಗಿ ಉತ್ತರ ಸಿಕ್ಕಿತ್ತು, ಹೇಳಿಕೊಳ್ಳಲು ಅಣ್ಣ ಇರಲಿಲ್ಲ.

ಗುಡ್ಡದ ತಲೆಗೆ ಬಂದಾಗ ಬಯಲು ತೆರೆಯಿತು. ನೂರೈವತ್ತು ಎಕರೆಗೂ ಮೀರಿದ ಸಂರಕ್ಷಿತ ಜಾಗ. ನ್ಯಾಚುರಲ್ ಇಂಗ್ಲೆಂಡ್ ಎಂಬ ಸರಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ಮೊಣಕಾಲೆತ್ತರಕ್ಕೆ ನೇರಳೆ ಹೂ. ಎರಡು ಬಗೆ. ಒಂದು ತಿಳಿ ನೇರಳೆ, ಲಿಂಗ್ ಎನ್ನುತ್ತಾರೆ. ಇನ್ನೊಂದು ದಟ್ಟ ಬಣ್ಣದ, ಸಣ್ಣ ಗಂಟೆಗಳಂತೆ ಇಳಿಬಿದ್ದ ಬೆಲ್ ಹೆದರ್. ನಡು ನಡುವೆ ಮುಳ್ಳಿನ ಗಾರ್ಸ್ ಪೊದೆಗಳು. ಚಂದವಿತ್ತು, ಆದರೆ ಅಣ್ಣ ಚಂದಕ್ಕಾಗಿ ವಾರಕ್ಕೊಮ್ಮೆ ಇಷ್ಟು ದೂರ ಬರುವವನಲ್ಲ. ಅಂಥ ಗುಣ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಣ್ಣನ ಮಗಳು ಹಾದಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಅಂಗೈಯಗಲದ ನೆಲ ತೋರಿಸಿದಳು. ಹೆದರಿನ ಬುಡದಲ್ಲೇ ಇನ್ನೊಂದು ಸಣ್ಣ ಸಸಿ ಹಬ್ಬಿತ್ತು. ಎಲೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿ ಎಂದಳು. ಓಮದ ನೆನಪು ತರುವ ವಾಸನೆ! ಅಜೀರ್ಣಕ್ಕೆ ಅಮ್ಮಿ ಕುದಿಸಿ ಕೊಡುತ್ತಿದ್ದ ಅಜವಾನ. ಅದು ಥೈಮ್ ಎಂದಳು. ಓಮಕ್ಕೆ ಆ ಘಾಟು ಕೊಡುವ ಥೈಮಾಲ್ ಎಂಬ ಅಂಶಕ್ಕೆ ಹೆಸರು ಬಂದದ್ದೇ ಈ ಗಿಡದ ಜಾತಿಯಿಂದ. ಪಕ್ಕದಲ್ಲಿ ಸೌತೆಕಾಯಿ ವಾಸನೆಯ ಸ್ಯಾಲಡ್ ಬರ್ನೆಟ್ ಇತ್ತು.

ಇದರಲ್ಲಿ ವಿಶೇಷವೇನು ಎಂದು ಕೇಳಿದೆವು. ವಿಶೇಷ ಇಷ್ಟೇ: ಇವು ಒಟ್ಟಿಗೆ ಇರಬಾರದು. ಹೆದರ್ ಹುಳಿ ಮಣ್ಣಿನ ಗಿಡ. ಸುಣ್ಣ ಅದಕ್ಕೆ ಆಗಿಬರುವುದಿಲ್ಲ, ಎಲೆ ಹಳದಿಯಾಗಿ ಸೊರಗುತ್ತದೆ. ಥೈಮ್, ಬರ್ನೆಟ್ ಸುಣ್ಣ ಬೇಡುವ ಗಿಡಗಳು. ಸುಣ್ಣದ ಗುಡ್ಡದ ಮೇಲೆ ಹೆದರ್ ಇರುವುದೇ ಒಂದು ಸೋಜಿಗ. ಥೈಮಿನ ತೆಕ್ಕೆಯಲ್ಲಿ ಇರುವುದು ಇನ್ನೂ ಸೋಜಿಗ. ಇದನ್ನೇ ಚಾಕ್ ಹೀತ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಇಂಥ ನೆಲ ಬಹಳ ಕಡಿಮೆ ಉಳಿದಿದೆ. ಉಳಿದ ದೊಡ್ಡ ತುಂಡುಗಳಲ್ಲಿ ಇದೊಂದು.

ಇದು ಆದದ್ದು ಹೀಗೆ. ಕೊನೆಯ ಹಿಮಯುಗದಲ್ಲಿ ಗಾಳಿ ನುಣ್ಣನೆಯ ಧೂಳು ತಂದು ಈ ಗುಡ್ಡಗಳ ಮೇಲೆ ಸುರಿಯಿತು. ಅದಕ್ಕೆ ಲೋಯೆಸ್ ಎಂದು ಹೆಸರು. ಸಾವಿರಾರು ವರ್ಷದ ಮಳೆ ಆ ಧೂಳಿನೊಳಗಿದ್ದ ಸುಣ್ಣವನ್ನು ತೊಳೆದು ಕೆಳಗಿಳಿಸಿತು. ಮೇಲಿನ ಪದರ ಹುಳಿಯಾಯಿತು. ಅದರ ಕೆಳಗೆ ಅಪ್ಪಟ ಸುಣ್ಣ. ಹೆದರಿನ ಬೇರು ಮೇಲಿನ ತೆಳು ಹುಳಿ ಮಣ್ಣಿನಲ್ಲೇ ಹರಡಿಕೊಳ್ಳುತ್ತದೆ. ಸುಣ್ಣ ಬೇಡುವವು ಆ ಪದರ ದಾಟಿ ಕೆಳಗೆ ಬೇರು ಇಳಿಸುತ್ತವೆ. ಮೇಲೆ ನೋಡುವವರಿಗೆ ಒಂದೇ ಹಾಸಿಗೆ, ಒಳಗೆ ಅವರವರ ಊಟ ಅವರವರಿಗೆ.

ಕೇಳಿದ ಕೂಡಲೇ ನಮ್ಮ ಮನಸ್ಸು ಎಲ್ಲಿಗೆ ಓಡಿತೆಂದು ಓದುಗರು ಊಹಿಸಬಲ್ಲರು. ಸೌಹಾರ್ದ ಸಭೆಗಳಲ್ಲಿ ನಾವೂ ಭಾಷಣ ಮಾಡಿದವರೇ. ಭಾರತ ಬಗೆಬಗೆಯ ಹೂಗಳ ತೋಟ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದವರೇ. ಇಗೋ ಇನ್ನೊಂದು ಉಪಮೆ ಸಿಕ್ಕಿತು ಎಂದುಕೊಂಡೆವು. ಅಣ್ಣನ ಮಗಳು ಅಷ್ಟಕ್ಕೆ ನಿಲ್ಲಿಸಿದ್ದರೆ ಉಪಮೆಯೊಂದಿಗೆ ಊರಿಗೆ ಬಂದುಬಿಡುತ್ತಿದ್ದೆವು. ಅವಳು ನಿಲ್ಲಿಸಲಿಲ್ಲ.

ಈ ಹೊಂದಾಣಿಕೆ ತಾನೇ ತಾನಾಗಿ ಇರುವುದಲ್ಲ ಎಂದಳು. ಈ ಗುಡ್ಡಗಳನ್ನು ಸಾವಿರಾರು ವರ್ಷ ಕುರಿಗಳು ಮೇಯುತ್ತಿದ್ದವು. ಕುರಿ ಕಡಿಮೆಯಾದ ಮೇಲೂ ಮೊಲಗಳಿದ್ದವು. ಯಾವುದೇ ಗಿಡ ತಲೆ ಎತ್ತಿ ಉಳಿದವನ್ನು ಮುಚ್ಚದಂತೆ ಅವುಗಳ ಹಲ್ಲು ನೋಡಿಕೊಳ್ಳುತ್ತಿತ್ತು. 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ಮೊಲದ ಕಾಯಿಲೆ ಇಂಗ್ಲೆಂಡಿಗೆ ಬಂತು. ಎರಡು ಮೂರು ವರ್ಷದೊಳಗೆ ದೇಶದ ಮೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಮೇಯುವ ಬಾಯಿ ಇಲ್ಲವಾಯಿತು. ಗಾರ್ಸ್ ಎದ್ದಿತು. ಆಳೆತ್ತರ ಬೆಳೆದು ಹೆದರನ್ನೂ ಥೈಮನ್ನೂ ಒಟ್ಟಿಗೆ ನೆರಳಿನಲ್ಲಿ ಹಾಕಿತು.

ಗಾರ್ಸ್ ಪರದೇಶದ ಗಿಡವಲ್ಲ. ಅಲ್ಲಿಯದೇ. ಹಳದಿ ಹೂವಿನದು. ನಮ್ಮ ತೊಗರಿಯ ಕುಟುಂಬಕ್ಕೇ ಸೇರಿದ್ದು. ಅದರಲ್ಲಿ ಲಿನೆಟ್, ಸ್ಟೋನ್‌ಚಾಟ್ ಹಕ್ಕಿಗಳು ಗೂಡು ಕಟ್ಟುತ್ತವೆ. ಆದರೆ ಅದು ನಿಂತ ನೆಲ ಮೊದಲಿನ ನೆಲವಾಗಿ ಉಳಿಯುವುದಿಲ್ಲ. ಪೀಟರ್ ಗ್ರಬ್ ಎಂಬ ಸಸ್ಯವಿಜ್ಞಾನಿ ಮತ್ತು ಸಂಗಡಿಗರು ಲಲ್ಲಿಂಗ್ಟನ್ನಿನಲ್ಲಿ ಕೆಲಸ ಮಾಡಿ 1969ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಹೇಳಿತು. ಗಾರ್ಸ್ ತನ್ನ ಕೆಳಗಿನ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ಸುಣ್ಣ ಬೇಡುವ ಗಿಡಗಳು ಅಲ್ಲಿ ಮತ್ತೆ ಕೂರುವುದು ಕಷ್ಟವಾಗುತ್ತದೆ. ಅದು ಯಾರ ಮೇಲೂ ದ್ವೇಷ ಸಾಧಿಸುವುದಿಲ್ಲ. ತನ್ನಷ್ಟಕ್ಕೆ ಬೆಳೆಯುತ್ತದೆ. ಅದರ ಎಲೆ ಉದುರಿ ಉದುರಿ, ಉಳಿದವರು ಇರಲಾರದ ಹಾಗೆ ಮಣ್ಣು ಬದಲಾಗುತ್ತದೆ.

ಇಲ್ಲಿಗೆ ಬಂದಾಗ ನಮ್ಮ ಉಪಮೆ ಸುಮ್ಮನಾಯಿತು. ಕಲಬುರಗಿಯಲ್ಲಿ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಹೋಗುವ ಮನೆಗಳಲ್ಲಿ ಬೆಳೆದವರು ನಾವು. ಆ ಹೋಗಿ ಬರುವುದನ್ನು ನಾವು ಇತಿಹಾಸದ ಪುಣ್ಯ ಎಂದುಕೊಂಡಿದ್ದೆವು. ಅದು ಇತಿಹಾಸಕ್ಕಿಂತ ಹೆಚ್ಚಾಗಿ ದಿನನಿತ್ಯದ ಮೇಯುವಿಕೆ. ಸಾಲ ಕೇಳುವುದು, ಮದುವೆಗೆ ಹೋಗುವುದು, ಮೊಸರಿಗೆ ಹೆಪ್ಪು ತರುವುದು, ಸತ್ತಾಗ ಬಾಗಿಲಲ್ಲಿ ಕೂರುವುದು. ಇವು ನಿಂತರೆ ಯಾರೂ ಯಾರನ್ನೂ ದ್ವೇಷಿಸಬೇಕಾಗಿಲ್ಲ. ಒಬ್ಬರ ಮನೆಗೆ ಒಬ್ಬರು ನಾಲ್ಕು ವರ್ಷ ಹೋಗದಿದ್ದರೆ ಸಾಕು. ದ್ವೇಷ ಮಾಡುವವರು ಆಮೇಲೆ ಬರುತ್ತಾರೆ, ಹದವಾದ ನೆಲಕ್ಕೆ.

ಊರಿನ ಮಾತೇಕೆ? ನಮ್ಮದೇ ಮನೆ ಇತ್ತಲ್ಲ. ಮೂರು ವರ್ಷ ಈದ್ ಮುಬಾರಕ್ ಬಿಟ್ಟರೆ ಭಾಭಿಯೊಂದಿಗೆ ಮಾತಿಲ್ಲ. ನಾವು ಅವರನ್ನು ದ್ವೇಷಿಸಿದ್ದೆವೇ? ಖಂಡಿತ ಇಲ್ಲ. ಆದರೆ ಅವರ ಮಗಳು ಇಷ್ಟೆಲ್ಲ ಹೇಳಬಲ್ಲಳು ಎಂಬುದು ನಮಗೆ ಆ ದಿನವೇ ಗೊತ್ತಾಗಿದ್ದು.

ಅಣ್ಣ ಈ ಬಯಲಿನಲ್ಲಿ ಏನು ಮಾಡುತ್ತಿದ್ದ ಎಂಬುದೂ ಆಗಲೇ ತಿಳಿಯಿತು. ಅವನು ನೋಡಲು ಬರುತ್ತಿರಲಿಲ್ಲ, ಕಡಿಯಲು ಬರುತ್ತಿದ್ದ. ವಸಂತದಲ್ಲಿ ಹಕ್ಕಿ ಗೂಡು ಕಟ್ಟುವುದರಿಂದ ಗಾರ್ಸ್ ಕಡಿಯುವ ಕೆಲಸ ಚಳಿಗಾಲದಲ್ಲಿ ನಡೆಯುತ್ತದೆ. ಸ್ವಯಂಸೇವಕರ ಗುಂಪೊಂದರ ಜೊತೆ ದಪ್ಪ ಕೈಚೀಲ ತೊಟ್ಟು ಗರಗಸ ಹಿಡಿದು ಬರುತ್ತಿದ್ದ. ಬೇಸಿಗೆಯಲ್ಲಿ ಬಂದು, ಕಡಿದ ಜಾಗದಲ್ಲಿ ಏನು ಹುಟ್ಟಿದೆ ನೋಡಿ ಹೋಗುತ್ತಿದ್ದ. ಉಳಿದ ಕೆಲಸವನ್ನು ಬಿಟ್ಟ ಪೋನಿಗಳೂ ಕುರಿಗಳೂ ಮಾಡುತ್ತವೆ. ದೂರದಲ್ಲಿ ಎರಡು ಗಿಡ್ಡ ಪೋನಿಗಳು ಮುಳ್ಳಿನ ನಡುವೆ ಬಾಯಿ ಹಾಕಿ ನಿಂತಿದ್ದನ್ನು ನೋಡಿದೆವು.

ನೆನಪಾಯಿತು. ಒಮ್ಮೆ ಫೋನಿನಲ್ಲಿ ಅವನು ಅಮ್ಮಿಗೆ ಇದನ್ನು ಹೇಳಿದ್ದ. ಅಮ್ಮಿ ಕೆರಳಿದ್ದರು. ಗಿಡ ನೆಡುವುದು ಸದಕಾ ಎಂದು ಕೇಳುತ್ತಾ ಬಂದವರು ಅವರು. ಹಕ್ಕಿ ತಿಂದರೂ ಮನುಷ್ಯ ತಿಂದರೂ ನೆಟ್ಟವನಿಗೆ ಸವಾಬು ಎಂಬ ಹದೀಸನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದವರು. ರಜೆಯ ದಿನ ಕೂಲಿ ಇಲ್ಲದೆ ಹೋಗಿ ಹಸಿರು ಗಿಡ ಕಡಿಯುತ್ತೀಯಾ, ನಿನಗೇನು ತಲೆ ಕೆಟ್ಟಿದೆಯಾ ಎಂದಿದ್ದರು. ಅಣ್ಣ ನಕ್ಕು, ಅಮ್ಮಿ, ಅದು ಬಡವರ ಜಾಗ, ದೊಡ್ಡವರು ಬಂದು ಕೂತಿದ್ದಾರೆ, ಸ್ವಲ್ಪ ಸರಿಸುತ್ತೇನೆ ಅಷ್ಟೆ ಎಂದಿದ್ದ. ನಾವು ಅದನ್ನು ಅವನ ಮಾಮೂಲಿ ತಮಾಷೆ ಎಂದು ಬಿಟ್ಟಿದ್ದೆವು. ಮಣ್ಣು ಬಡವಾಗಿದ್ದಷ್ಟೂ ಅಲ್ಲಿ ಬಗೆಬಗೆಯ ಸಣ್ಣ ಗಿಡಗಳಿಗೆ ಜಾಗ ಸಿಗುತ್ತದೆ, ಕೊಬ್ಬಿದ ಮಣ್ಣಿನಲ್ಲಿ ಒಂದೆರಡೇ ದೊಡ್ಡವು ಎಲ್ಲವನ್ನೂ ನುಂಗುತ್ತವೆ ಎಂದು ಅವನ ಮಗಳು ಹೇಳಿದಾಗ ಅದು ತಮಾಷೆಯಾಗಿರಲಿಲ್ಲ ಎಂದು ಗೊತ್ತಾಯಿತು.

ಅವನು ಕೊನೆಯ ಚಳಿಗಾಲದಲ್ಲಿ ಕಡಿದಿದ್ದ ಜಾಗಕ್ಕೆ ಕರೆದೊಯ್ದಳು. ವಿಂಚೆಸ್ಟರ್ಸ್ ಪಾಂಡ್ ಎಂಬ ಸಣ್ಣ ಹೊಂಡದಿಂದ ಸ್ವಲ್ಪ ದೂರ. ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ನಾಲ್ಕು ಹಾಸಿಗೆ ಹಾಸುವಷ್ಟು ಜಾಗ. ಅಲ್ಲಿ ಇಲ್ಲಿ ಕೊಳೆತ ಬೊಡ್ಡೆ. ಒಂದು ಬದಿ ಗಾರ್ಸ್ ಮತ್ತೆ ಚಿಗುರಿತ್ತು, ನಾಲ್ಕು ವರ್ಷದಲ್ಲಿ ಸೊಂಟದವರೆಗೆ. ಇನ್ನೊಂದು ಬದಿ ಹೆದರ್ ಹೂಬಿಟ್ಟಿತ್ತು. ಹೆದರಿನ ಬೀಜ ಮಣ್ಣಿನೊಳಗೆ ದಶಕಗಟ್ಟಲೆ ಬದುಕಿರಬಲ್ಲದಂತೆ. ಬೆಳಕು ಬಿದ್ದ ಮೇಲೆ ಎದ್ದಿದೆ. ಅಣ್ಣ ಅದನ್ನು ನೋಡಲಿಲ್ಲ. ಅವನು ಮಲಗಿದ ಮೇಲೆ ಬಂದ ಹೂ ಅದು.

ನಮ್ಮಲ್ಲಿ ಒಬ್ಬರು ಕಿಸೆಯಿಂದ ಡಬ್ಬಿ ತೆಗೆದೆವು. ಅಣ್ಣನ ಮಗಳು ನೋಡಿದಳು. ಏನೆಂದು ಕೇಳಿದಳು. ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮುರುಕು ದಖನಿಯಲ್ಲಿ, ಇಲ್ಲಿಂದ ಏನೂ ಒಯ್ಯಬಾರದು ಚಾಚಾ, ಹೂವೂ ಇಲ್ಲ, ಮಣ್ಣೂ ಇಲ್ಲ ಎಂದಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು: ಈ ಹುಳಿ ಮಣ್ಣು ಇರುವುದೇ ಇಷ್ಟು. ಹಿಮಯುಗ ಮತ್ತೆ ಬಂದು ತಂದು ಹಾಕುವುದಿಲ್ಲ. ಬಂದವರೆಲ್ಲ ಒಂದೊಂದು ಹಿಡಿ ಒಯ್ದರೆ ಕೆಳಗೆ ಬರೀ ಸುಣ್ಣ. ಇದನ್ನು ಅಬ್ಬಾ ತನಗೆ ಐದನೆಯ ವಯಸ್ಸಿನಲ್ಲಿ ಇಲ್ಲಿಯೇ ನಿಂತು ಹೇಳಿದ್ದರು ಎಂದಳು.

ಡಬ್ಬಿ ಮತ್ತೆ ಕಿಸೆಗೆ ಹೋಯಿತು. ಜುಹರಿನ ಹೊತ್ತಾಗಿತ್ತು. ಹಾದಿಯ ಬದಿಯ ಹುಲ್ಲಿನ ಮೇಲೆ ಜಾನಮಾಜು ಹಾಸಿ ಮೂವರೂ ನಮಾಜು ಮಾಡಿದೆವು. ನಾಯಿ ಕರೆದುಕೊಂಡು ಹೋಗುತ್ತಿದ್ದ ವಯಸ್ಸಾದ ದಂಪತಿ ದೂರದಲ್ಲೇ ನಾಯಿಯನ್ನು ಹಿಡಿದು ನಿಂತು, ನಾವು ಸಲಾಮು ತಿರುಗಿಸಿದ ಮೇಲೆ ಹಾದುಹೋದರು. ಹುಡುಗಿಯನ್ನು ಗುರುತು ಹಿಡಿದು, ನಮ್ಮನ್ನು ನೋಡಿ, ಅವನ ಒಡಹುಟ್ಟಿದವರೇ ಎಂದು ಕೇಳಿದರು. ಹೌದೆಂದೆವು. ಅವನ ಥರ್ಮಾಸಿನ ಏಲಕ್ಕಿ ಚಹಾ ತಮಗೆ ರೂಢಿಯಾಗಿತ್ತು ಎಂದಷ್ಟೇ ಹೇಳಿ ಆ ಹೆಂಗಸು ಮುಂದೆ ನಡೆದರು.

ಆ ರಾತ್ರಿ ಊಟವಾದ ಮೇಲೆ ನಾವು ಭಾಭಿಗೆ ಮಾಫಿ ಕೇಳಿದೆವು. ದೊಡ್ಡ ಮಾತೇನೂ ನಡೆಯಲಿಲ್ಲ. ಆಗ ಹಾಗೆ ಮಾತಾಡಬಾರದಿತ್ತು ಎಂದೆವು. ಅವರು ತಟ್ಟೆ ಎತ್ತುತ್ತಾ, ಎಲ್ಲಿ ಸಾಯುತ್ತೇನೋ ಅಲ್ಲೇ ಮಣ್ಣು ಮಾಡು ಎಂದು ಅವರೇ ಹೇಳಿದ್ದರು, ನೀವು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದರು. ಮೂರು ವರ್ಷದ ಗಾರ್ಸ್ ಅಷ್ಟೇ ಇತ್ತು.

ವಾಪಸು ಬರುವ ದಿನ ವಿಮಾನಕ್ಕೆ ಹೊತ್ತಿದ್ದರಿಂದ ಭಾಭಿ ದಾರಿಯಲ್ಲಿ ವೋಕಿಂಗ್ ಬಳಿಯ ಹಾರ್ಸೆಲ್ ಕಾಮನ್‌ಗೆ ಕಾರು ತಿರುಗಿಸಿದರು. ಅದೂ ಹೀತ್, ಆದರೆ ಸುಣ್ಣದ್ದಲ್ಲ. ಅಲ್ಲಿ ಇಟ್ಟಿಗೆಯ ಗೋಡೆ, ಗುಮ್ಮಟದ ಬಾಗಿಲು ಇರುವ ಒಂದು ಹಳೆಯ ಕಬರಸ್ತಾನವಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಹಿಂದೂಸ್ತಾನದ ಸಿಪಾಯಿಗಳನ್ನು ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯಲ್ಲಿ ಆಸ್ಪತ್ರೆ ಮಾಡಿ ಇಟ್ಟಿದ್ದರು. ಒಬ್ಬರ ಅಡುಗೆ ಒಬ್ಬರಿಗೆ ಮುಟ್ಟದಂತೆ ಒಂಬತ್ತು ಅಡುಗೆಮನೆ, ಹಿಂದೂಗಳಿಗೆ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಸತ್ತ ಹಿಂದೂ, ಸಿಖ್ ಸಿಪಾಯಿಗಳಲ್ಲಿ 53 ಜನರ ದಹನ ಇದೇ ಸೌತ್ ಡೌನ್ಸಿನ ಮೇಲೆ ನಡೆಯಿತು. ಆ ಜಾಗದಲ್ಲಿ 1921ರಲ್ಲಿ ಛತ್ರಿ ಎಂಬ ಬಿಳಿ ಸ್ಮಾರಕ ಆಯಿತು. ಮುಸ್ಲಿಮರನ್ನು 1889ರಲ್ಲಿ ಭೋಪಾಲದ ಬೇಗಂ ಶಾಹಜಹಾನರ ನೆರವಿನಿಂದ ಕಟ್ಟಿದ ವೋಕಿಂಗ್ ಮಸೀದಿಯ ಹತ್ತಿರ ತಂದು ಹೂಳಿದರು. ಹಾರ್ಸೆಲ್‌ನ ಈ ಕಟ್ಟಡ 1917ರದು. ಕಿಡಿಗೇಡಿಗಳ ಕಾಟಕ್ಕೆ 1960ರ ದಶಕದ ಕೊನೆಗೆ ಆ ಕಬರುಗಳನ್ನು ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಬೇಕಾಯಿತು. ಖಾಲಿ ಜಾಗವನ್ನು 2015ರಲ್ಲಿ ಶಾಂತಿ ತೋಟ ಮಾಡಿದ್ದಾರೆ. ಹೆದರ್ ನೆಟ್ಟಿದ್ದಾರೆ, ಜೊತೆಗೆ ಹಿಮಾಲಯದ ಬರ್ಚ್ ಮರಗಳನ್ನೂ. ಅಣ್ಣನಿಗಿಂತ ನೂರು ವರ್ಷ ಮೊದಲೇ ನಮ್ಮ ಕಡೆಯ ತಾಯಂದಿರು ಈ ದೇಶದ ಮಣ್ಣಿಗಾಗಿ ಕಾದಿರಬೇಕು. ಅವರಿಗೆ ಫೋನಿನಲ್ಲಿ ಜನಾಜ ನೋಡುವ ಭಾಗ್ಯವೂ ಇರಲಿಲ್ಲ. ಅವರ ಹೆಸರಿನಲ್ಲೂ ಒಂದು ಫಾತಿಹಾ ಓದಿ ಹೊರಟೆವು.

ಖಾಲಿ ಡಬ್ಬಿ ತಂದು ಅಮ್ಮಿಯ ಮುಂದಿಟ್ಟೆವು. ಕಬರಿನದಾದರೂ ತರಬಹುದಿತ್ತಲ್ಲ ಎಂದರು. ಪರದೇಶದ ಮಣ್ಣು ತರಲು ನಮ್ಮ ಕಾನೂನೂ ಬಿಡುವುದಿಲ್ಲ ಎಂದು ಹೇಳಿದೆವು. ಕಾನೂನಿನ ಮಾತು ಅವರ ಕಿವಿಗೆ ಬೀಳಲಿಲ್ಲ. ಬಯಲಿನ ಕತೆ ಹೇಳಿದೆವು. ಹುಳಿ ಮಣ್ಣು, ಸುಣ್ಣ, ಮೊಲ, ಓಮದ ವಾಸನೆ, ಅವನು ಕಡಿದ ಜಾಗದ ನೇರಳೆ ಹೂ. ಮೊಮ್ಮಗಳು ಬೇಡವೆಂದದ್ದನ್ನೂ ಮುಚ್ಚಿಡಲಿಲ್ಲ. ಅಮ್ಮಿ ಅಡಿಕೆ ಕತ್ತರಿಸುತ್ತಾ ಕೇಳಿದರು. ಬಹಳ ಹೊತ್ತಾದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಅವನ ಕಬರಿನ ನೆಲಾನೂ ಸುಣ್ಣದ್ದೇನು?”

ಹೌದು, ಆ ಸೀಮೆಯೆಲ್ಲ ಸುಣ್ಣದ ಗುಡ್ಡವೇ ಎಂದೆವು.

“ಹಂಗಾದ್ರ ಆತು ಬಿಡು. ಇಲ್ಲಿ ನಿಮ್ಮಪ್ಪನೂ ಸುಣ್ಣದ ನೆಲದಾಗೇ ಮಲಗ್ಯಾರ. ಸುಣ್ಣದಾಗ ಎಲುಬು ಲಗೂನ ಕರಗಂಗಿಲ್ಲ.”

ಅವರು ಹೇಳಿದ್ದು ಸರಿಯೇ ಇತ್ತು. ನಮ್ಮ ಶಹಾಬಾದ್ ಸೀಮೆಯ ಫರಸಿ ಕಲ್ಲೂ ಸುಣ್ಣದ ಕಲ್ಲೇ, ಇಂಗ್ಲೆಂಡಿನದಕ್ಕಿಂತ ಎಷ್ಟೋ ಹಳೆಯದು. ಸುಣ್ಣದ ನೆಲದಲ್ಲಿ ಎಲುಬು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಉತ್ಖನನ ಮಾಡುವವರಿಗೂ ಗೊತ್ತಿರುವ ವಿಷಯ. ಅಮ್ಮಿಗೆ ಅದನ್ನು ಯಾರು ಹೇಳಿದ್ದರೋ.

ಡಬ್ಬಿಗೆ ಮತ್ತೆ ಎಲೆಅಡಿಕೆಯ ಸುಣ್ಣ ಬಂದಿದೆ. ಭಾಭಿ ಶುಕ್ರವಾರ ಶುಕ್ರವಾರ ಫೋನು ಮಾಡುತ್ತಾರೆ, ಅವರು ಮಾಡದಿದ್ದರೆ ನಾವು ಮಾಡುತ್ತೇವೆ. ಆ ಚಳಿಗಾಲದಲ್ಲಿ ಹುಡುಗಿ ಅಪ್ಪನ ಕೈಚೀಲ ತೊಟ್ಟು ಅದೇ ಜಾಗದಲ್ಲಿ ಚಿಗುರಿದ್ದ ಗಾರ್ಸ್ ಕಡಿಯಲು ಹೋಗಿದ್ದಳು. ಕೈಚೀಲ ದೊಡ್ಡದಾಗುತ್ತದೆ ಎಂದು ದೂರಿದಳು. ಫೋನು ಕಸಿದುಕೊಂಡು ಅಮ್ಮಿ ಈ ಸಲ ಬೈಯಲಿಲ್ಲ. ಮುಳ್ಳು ಚುಚ್ಚಿದರೆ ಅರಿಸಿನ ಹಚ್ಚು ಎಂದರು.